ಮೈಲುತುತ್ತದ ತೊಟ್ಟಿಯಿಂದ ಬಚ್ಚಲ ಗೋಡೆಗೆ

ತೋಟದ ತೊಟ್ಟಿಯ ಮೇಲೆ ಬಾಗಿದ ದಾಸವಾಳದ ಕೊಂಬೆಗೆ ಯಾರೋ ಶಾಂಪೂ ನೊರೆ ಮೆತ್ತಿ ಹೋಗಿದ್ದಾರೆ ಎಂದು ಮಗಳು ಓಡಿ ಬಂದು ಹೇಳಿದಳು. ಜೂನ್ ಎರಡನೇ ವಾರ, ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಹೋಗಿ ನೋಡಿದರೆ ಮುಷ್ಟಿ ಗಾತ್ರದ ನೊರೆಯ ಮುದ್ದೆ ಮೂರು ಎಲೆಗಳನ್ನು ಒಟ್ಟಿಗೆ ಅಂಟಿಸಿಕೊಂಡು ನೀರಿನ ಮೇಲೆ ತೂಗುತ್ತಿತ್ತು. ಹೊರಮೈ ಆಗಲೇ ಒಣಗಿ ದೋಸೆಯ ಅಂಚಿನಂತೆ ಕಂದು ತಿರುಗಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳಗೆ ಇನ್ನೂ ಮೆತ್ತಗಿತ್ತು. ಮರಗಪ್ಪೆಯ ಗೂಡು. ಮೊಟ್ಟೆ ಇಡುವಾಗ ಬರುವ ಅಂಟುದ್ರವವನ್ನು ಹಿಂಗಾಲುಗಳಿಂದ ಕಡೆದು ಕಡೆದು ಕಪ್ಪೆ ಈ ನೊರೆ ಎಬ್ಬಿಸುತ್ತದೆ. ಮರಿಗಳು ಅದರೊಳಗೇ ಮೊಟ್ಟೆಯಿಂದ ಹೊರಬಂದು, ನೊರೆ ಕರಗಿದಾಗ ಕೆಳಗಿನ ನೀರಿಗೆ ಉದುರುತ್ತವೆ.

ತೊಂದರೆ ಇದ್ದದ್ದು ಆ ಕೆಳಗಿನ ನೀರಿನಲ್ಲಿಯೇ. ನಮ್ಮ ಮನೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವುದು ಅದೇ ತೊಟ್ಟಿಯಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತಾಮ್ರ ಬೂಷ್ಟನ್ನು ಹೇಗೆ ಕೊಲ್ಲುತ್ತದೆಯೋ ಗೊದಮೊಟ್ಟೆಗಳನ್ನೂ ಹಾಗೆಯೇ ಕೊಲ್ಲುತ್ತದೆ. ಆ ವರ್ಷ ಮಳೆ ಬೇಗ ಬಂದು ಮೊದಲ ಔಷಧಿಯೇ ತಡವಾಗಿತ್ತು.

"ಮಳೆ ಹೊಳವಾದ ದಿನ ಔಷಧಿ ಹೊಡೆಯುವುದೇ" ಎಂದರು ಅಪ್ಪಯ್ಯ. "ನಿನ್ನ ಕಪ್ಪೆ ಮರಿ ಹಾಕುವ ತನಕ ಕೊನೆಗಾರ ಕಾಯುತ್ತಾನಾ?"

ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಯಾರಿಗೂ ಕಾಯುವವನಲ್ಲ. ಕತ್ತಿ ತಂದು ಕೊಂಬೆಯನ್ನೇ ಕಡಿದೆ.

ಇಷ್ಟು ಉತ್ಸಾಹಕ್ಕೆ ಒಂದು ಆಸೆಯೂ ಕಾರಣವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ. ಈ ಕಡೆಯ ಕಾಡಿನಲ್ಲಿ ಮಲಬಾರ್ ಹಾರುವ ಕಪ್ಪೆ ಇದೆ. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಜಾಲ. ಎತ್ತರದ ಕೊಂಬೆಯಿಂದ ಕಾಲು ಬಿಡಿಸಿಕೊಂಡು ಹತ್ತು ಮೀಟರಿನಷ್ಟು ದೂರ ತೇಲಿ ಇಳಿಯುವ ಪ್ರಾಣಿ. ಅದು ಗೂಡು ಕಟ್ಟುವುದೂ ನೀರಿನ ಮೇಲೆ ಬಾಗಿದ ಎಲೆಗಳಿಗೇ. ನೊರೆ ಕಂಡ ಕ್ಷಣದಿಂದ ನನ್ನ ತಲೆಯಲ್ಲಿ ಕೆಂಪು ಜಾಲಪಾದವೇ ಕುಳಿತಿತ್ತು. ಕ್ಯಾಮೆರಾದ ಬ್ಯಾಟರಿಯನ್ನೂ ಚಾರ್ಜ್ ಮಾಡಿಟ್ಟೆ.

ಮೀನು ಸಾಕಿ ಬಿಟ್ಟಿದ್ದ ಗಾಜಿನ ತೊಟ್ಟಿಯೊಂದು ಅಟ್ಟದಲ್ಲಿತ್ತು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕುದಿಯುವ ನೀರು ಸುರಿದರೆ ಗಾಜು ಸೀಳುತ್ತದೆ ಎಂದು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತಿಕ್ಕಿ, ಎರಡು ದಿನ ಒಣಗಿಸಿದೆ. ಮೀನಿನ ತೊಟ್ಟಿಯ ರೋಗ ಕಪ್ಪೆಗೆ, ಕಪ್ಪೆಯಿಂದ ಹಳ್ಳಕ್ಕೆ ಹೋಗುವುದು ಬೇಡವೆಂದು ಅಂಗಡಿಯ ಗಿಡ, ಮರಳು ಯಾವುದನ್ನೂ ಹಾಕಲಿಲ್ಲ. ನೀರಿಗೆ ನಮಗೆ ಬರವಿಲ್ಲ. ಗುಡ್ಡದ ಒರತೆಯಿಂದ ದಂಬೆಯಲ್ಲಿ ಬರುವ ನೀರು ಅಂಗಳದಲ್ಲಿ ಹಗಲಿರುಳು ಬೀಳುತ್ತಿರುತ್ತದೆ; ಅದಕ್ಕೆ ಕ್ಲೋರಿನ್ ಎಂದರೆ ಏನೆಂದು ಗೊತ್ತಿಲ್ಲ. ಶಿವಮೊಗ್ಗದಲ್ಲಿದ್ದಾಗ ಮೀನಿನ ತೊಟ್ಟಿಗೆ ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕುತ್ತಿದ್ದೆ. ಇಲ್ಲಿ ಆ ಕೆಲಸವಿರಲಿಲ್ಲ. ಅರ್ಧ ತೊಟ್ಟಿ ನೀರು ತುಂಬಿ, ಕೊಂಬೆಯನ್ನು ಸುತಲಿ ಹಗ್ಗದಿಂದ ಮೇಲೆ ಅಡ್ಡ ಕಟ್ಟಿದೆ. ನೊರೆ ಒಣಗದಂತೆ ಬೆಳಿಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸುತ್ತಿದ್ದೆ.

ನಾಲ್ಕನೆಯ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಜಗಲಿಯಲ್ಲಿ ಟಪ್ ಎಂದಿತು. ಸೋರಿಕೆ ಎಂದುಕೊಂಡು ತಲೆ ಎತ್ತಿ ಹೆಂಚು ನೋಡಿದೆ. ಮತ್ತೆ ಟಪ್. ಟಾರ್ಚ್ ಹಿಡಿದರೆ ನೊರೆಯ ಕೆಳಭಾಗ ಕರಗಿ ಮೂಗಿನ ತುದಿಯ ನೆಗಡಿಯಂತೆ ಜೋತುಬಿದ್ದಿತ್ತು. ಅದರೊಳಗೆ ಹತ್ತಾರು ಸಣ್ಣ ಬಾಲಗಳು ಮಿಡುಕುತ್ತಿದ್ದವು. ಒಂದು ಹನಿ ಉದ್ದವಾಗುತ್ತ ಉದ್ದವಾಗುತ್ತ ಬಂದು ತುಂಡಾಗುವುದು, ಅದರೊಂದಿಗೆ ಎರಡು ಮೂರು ಮರಿಗಳು ನೀರಿಗೆ ಬೀಳುವುದು, ಬಿದ್ದವು ಕಲ್ಲಿನಂತೆ ತಳಕ್ಕೆ ಹೋಗಿ ಒಂದು ಗಳಿಗೆ ಅಲ್ಲಾಡದೆ ಮಲಗುವುದು. ಹನ್ನೊಂದೂವರೆಯ ತನಕ ಮನೆಯವರೆಲ್ಲ ಅದನ್ನೇ ನೋಡಿದೆವು. ಸುಮ್ಮನೆ ಅಣಕಿಸುತ್ತಿದ್ದ ಅಪ್ಪಯ್ಯನೂ ಕುರ್ಚಿ ಎಳೆದುಕೊಂಡು ಕುಳಿತರು.

ಬೆಳಿಗ್ಗೆ ಎಣಿಸಲು ಹೋಗಿ ನೂರ ತೊಂಬತ್ತಕ್ಕೆ ಕೈಬಿಟ್ಟೆ. ಇಪ್ಪತ್ತೆಂಟು ಲೀಟರ್ ನೀರಿಗೆ ಅಷ್ಟು ಹೊಟ್ಟೆಗಳು ಹೆಚ್ಚು. ಎಪ್ಪತ್ತನ್ನು ಉಳಿಸಿಕೊಂಡು ಮಿಕ್ಕವನ್ನು ಕೊಟ್ಟಿಗೆಯ ಹಿಂದಿನ ಹಳೆಯ ಕಲ್ಲುಮರಿಗೆಗೆ ಬಿಟ್ಟೆ. ದನ ಕುಡಿಯುವುದು ನಿಂತು ವರ್ಷಗಳಾಗಿದ್ದ ಮರಿಗೆ ಅದು. ಒಳಗೆಲ್ಲ ಪಾಚಿ, ಕೊಳೆತ ಹಲಸಿನ ಎಲೆ, ಮೇಲೆ ಅರ್ಧ ನೆರಳು. ಅದರ ಯೋಗಕ್ಷೇಮವನ್ನು ಮಳೆಗೆ ವಹಿಸಿದೆ.

ಅಕ್ಕನ ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಅವನು ಹೊಟ್ಟೆ ಕೆಂಪಾದ ನ್ಯೂಟ್‌ಗಳನ್ನು ಸಾಕಿ ಮರಿ ಮಾಡಿಸುತ್ತಾನೆ. ನ್ಯೂಟ್ ಎಂದರೆ ಕಪ್ಪೆಯ ದಾಯಾದಿ, ನೋಡಲು ಹಲ್ಲಿ. ಬಾಲ ಉದುರಿಸದ ಈ ಜಾತಿ ನಮ್ಮ ಘಟ್ಟದಲ್ಲಿಲ್ಲ; ಭಾರತದಲ್ಲಿ ಅದನ್ನು ಕಾಣಬೇಕಾದರೆ ಡಾರ್ಜಿಲಿಂಗ್, ಸಿಕ್ಕಿಂ, ಅರುಣಾಚಲ, ಮಣಿಪುರದ ಕಡೆಗೆ ಹೋಗಬೇಕು. ವಿಡಿಯೊ ಕರೆಯಲ್ಲಿ ನನ್ನ ತೊಟ್ಟಿ ನೋಡಿ ಅವನು ಹಿಗ್ಗಿ ಹೋದ. "ಮಾವ, ಜೀವಂತ ಆಹಾರ ಹಾಕು. ಮೊದಲ ದಿನದಿಂದಲೇ ಬೇಟೆಯಾಡುತ್ತವೆ" ಎಂದ. ಅವನ ಮರಿಗಳು ಆಡುತ್ತವೆ. ನ್ಯೂಟಿನ ಮರಿಗೆ ಕತ್ತಿನ ಎರಡೂ ಬದಿಗೆ ಗರಿಯಂಥ ಕಿವಿರು, ಮೊದಲು ಮೂಡುವುದು ಮುಂಗಾಲು, ಹಸಿವಾದರೆ ಪಕ್ಕದವನ ಕಾಲನ್ನೂ ಕಚ್ಚುವ ಸ್ವಭಾವ. ಅದರ ಕಣ್ಣಮುಂದೆ ನೀರುಚಿಗಟದಂಥದ್ದು ಏನಾದರೂ ಅಲ್ಲಾಡಬೇಕು. ನನ್ನವು ಹಾಗಲ್ಲ, ಮೇಯುವ ಜಾತಿ. ಭೂತಗನ್ನಡಿ ಹಿಡಿದು ಗಾಜಿನ ಹೊರಗಿನಿಂದ ನೋಡಿದರೆ ಬಾಯಿ ತಿಳಿಯುತ್ತದೆ: ನಡುವೆ ಕಪ್ಪು ಕೊಕ್ಕು, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ಹಲ್ಲುಗಳ ಸಾಲು. ಕಾಯಿ ತುರಿಯುವ ಮಣೆಯನ್ನು ಮಡಚಿ ಬಾಯೊಳಗೆ ಇಟ್ಟಂತೆ. ಗಾಜಿಗೆ ಹಿಡಿದ ಪಾಚಿಯನ್ನು ಅವು ಕೆರೆಯುತ್ತ ಹೋದ ದಾರಿ ಬೆಳಿಗ್ಗೆ ಬೆಳಕಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಹೊಟ್ಟೆಯ ಕೆಳಗಿನಿಂದ ನೋಡಿದರೆ ಕರುಳೂ ಕಾಣುತ್ತದೆ. ಸೊಪ್ಪು ಅರಗಿಸಲು ಉದ್ದನೆಯ ಕರುಳು ಬೇಕಲ್ಲ, ಅದು ಚಕ್ಕುಲಿಯ ಹಾಗೆ ಸುತ್ತಿ ಸುತ್ತಿ ಕುಳಿತಿರುತ್ತದೆ. ಇನ್ನೊಂದು ಗುರುತನ್ನೂ ಆಗಲೇ ಕಂಡಿದ್ದೆ. ಪ್ರತಿಯೊಂದರ ಮೂತಿಯ ತುದಿಯಲ್ಲಿ ಬೆಳ್ಳಿಯ ಬಣ್ಣದ ಒಂದು ಚುಕ್ಕೆ, ಮೂಗುತಿಯಂತೆ. ಚೆಂದವಾಗಿದೆ ಎಂದುಕೊಂಡೆ, ಅಷ್ಟೇ. ಅದರ ಅರ್ಥ ತಿಳಿಯಲು ಎರಡು ತಿಂಗಳು ಬೇಕಾಯಿತು.

ಹರಿವೆ ಸೊಪ್ಪನ್ನು ಮೆತ್ತಗೆ ಬೇಯಿಸಿ, ಹಿಂಡಿ, ಒಂದೆರಡು ಎಲೆ ಹಾಕಿದರೆ ಸಾಕಾಗುತ್ತಿತ್ತು. ಸಾಕಾಗುತ್ತಿದ್ದುದನ್ನು ಸಾಕೆಂದು ಬಿಡದೆ, ಬೇಗ ಬೆಳೆಯಲೆಂದು ಆರನೆಯ ದಿನ ಬೇಯಿಸಿದ ಮೊಟ್ಟೆಯ ಹಳದಿಯನ್ನು ಅರ್ಧ ಚಮಚದಷ್ಟು ಉದುರಿಸಿದೆ. ಮುಗಿಬಿದ್ದು ತಿಂದವು. ನಾನೂ ಸಂತೋಷದಿಂದ ಮಲಗಿದೆ. ಮರುದಿನ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು, ಮೂಗು ಹಿಡಿಯುವ ನಾತ, ಇಪ್ಪತ್ತೆರಡು ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತಿಂದು ಮಿಕ್ಕ ಹಳದಿ ರಾತ್ರಿಯಿಡೀ ಕೊಳೆತು ನೀರಿನ ಉಸಿರು ಕಟ್ಟಿಸಿತ್ತು. ಆ ದಿನದಿಂದ ಪ್ರತಿ ಬೆಳಿಗ್ಗೆ ಸಪೂರ ಪ್ಲಾಸ್ಟಿಕ್ ಕೊಳವೆಯಿಂದ ತಳದ ಹಿಕ್ಕೆಯನ್ನೆಲ್ಲ ಎಳೆದು, ಕಾಲು ಭಾಗ ನೀರು ಬದಲಿಸುವುದು ನನ್ನ ಕಾಫಿಗಿಂತ ಮೊದಲ ಕೆಲಸವಾಯಿತು. ಹಿಕ್ಕೆ ಎಂದರೆ ಸಾಮಾನ್ಯವಲ್ಲ, ಮೈಯ ಮೂರರಷ್ಟು ಉದ್ದದ ಹಸಿರು ದಾರ.

ಎರಡನೆಯ ತಪ್ಪಿಗೂ ಅತಿ ಕಾಳಜಿಯೇ ಕಾರಣ. ಬೋಳು ಗಾಜು ಅವಕ್ಕೆ ಬೇಸರ ತರುತ್ತದೆ ಎಂದು ಗದ್ದೆ ಬದುವಿನ ಹೊಂಡದಿಂದ ಒಂದು ಹಿಡಿ ನೀರುಗಿಡ ತಂದು ಹಾಕಿದೆ. ವಾರದಲ್ಲಿ ಎಣಿಕೆ ಇಳಿಯತೊಡಗಿತು. ಹೆಣವೂ ಇಲ್ಲ, ನಾತವೂ ಇಲ್ಲ, ಮರಿ ಮಾತ್ರ ಇಲ್ಲ. ಒಂದು ಸಂಜೆ ಮಗಳು "ಗಿಡದ ಬುಡದಲ್ಲಿ ಏನೋ ಕಣ್ಣು ಬಿಡುತ್ತಿದೆ" ಎಂದಳು. ಏರೋಪ್ಲೇನ್ ಚಿಟ್ಟೆಯ ಮರಿ. ಕೆಸರಿನ ಬಣ್ಣದ, ಆರು ಕಾಲಿನ, ಏನೂ ಅರಿಯದ ಮುಖದ ಹುಳ. ನಾವು ನೋಡುತ್ತಿದ್ದಂತೆಯೇ ಹತ್ತಿರ ಬಂದ ಗೊದಮೊಟ್ಟೆಯ ಕಡೆಗೆ ಅದರ ಕೆಳತುಟಿ ಮಡಿಕೆ ಬಿಚ್ಚಿ ಮುಂದಕ್ಕೆ ಚಿಮ್ಮಿತು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಮರಿ ಅದರ ಬಾಯಲ್ಲಿತ್ತು. ಚಮಚದಲ್ಲಿ ಎತ್ತಿ ಅದನ್ನು ಅದರ ಹೊಂಡಕ್ಕೇ ಬಿಟ್ಟು ಬಂದೆ. ತೊಟ್ಟಿಯಲ್ಲಿ ಮೂವತ್ತೊಂಬತ್ತು ಉಳಿದಿದ್ದವು.

ಜುಲೈ ಪೂರ್ತಿ ಮಳೆ. ಜಗಲಿಯ ನೀರಿನ ಉಷ್ಣತೆ ಇಪ್ಪತ್ತೊಂದು ಡಿಗ್ರಿ ಬಿಟ್ಟು ಮೇಲೇಳಲಿಲ್ಲ. ತಣ್ಣೀರಿನಲ್ಲಿ ಎಲ್ಲವೂ ನಿಧಾನ. ನಾಲ್ಕನೆಯ ವಾರ ಬಾಲದ ಬುಡದಲ್ಲಿ ಸಾಸಿವೆ ಕಾಳಿನಂಥ ಮೊಗ್ಗು ಕಂಡಿತು, ಆಮೇಲೆ ಅದು ಉದ್ದವಾಗಿ, ಪಾದದ ಗಿಣ್ಣು ಮೂಡಿ, ಐದು ಬೆರಳು ಒಡೆದು, ಹಿಂಗಾಲಾಯಿತು. ಗೊದಮೊಟ್ಟೆಯ ಬೆಳವಣಿಗೆಯನ್ನು 1960ರಲ್ಲಿ ಗಾಸ್ನರ್ ಎಂಬ ವಿಜ್ಞಾನಿ 46 ಹಂತಗಳಾಗಿ ವಿಂಗಡಿಸಿದ್ದಾನೆ. ಮುಂಗಾಲು ಹೊರಬರುವುದು 42ನೆಯದರಲ್ಲಿ. ಆ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿ ದಿನವೂ ಹೋಲಿಸುತ್ತಿದ್ದೆ. ಕ್ಯಾಲೆಂಡರ್ ತೂಗುವ ಮೊಳೆಗೆ ಕಪ್ಪೆ ಚಿತ್ರ ಯಾಕೆ ಎಂದು ಅಮ್ಮ ಕೇಳಿದಳು.

ಅಮ್ಮನಿಗೂ ಇದಕ್ಕೂ ಸಂಬಂಧವಿಲ್ಲದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವಳು ನುಂಗುವ ಥೈರಾಯ್ಡ್ ಮಾತ್ರೆಯಲ್ಲಿರುವುದು ಥೈರಾಕ್ಸಿನ್. ಗೊದಮೊಟ್ಟೆಯನ್ನು ಕಪ್ಪೆಯಾಗಿಸುವ ಹಾರ್ಮೋನೂ ಅದೇ. 1912ರಲ್ಲಿ ಗುಡರ್ನಾಟ್ಷ್ ಎಂಬಾತ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ಗ್ರಂಥಿ ತಿನ್ನಿಸಿ ನೋಡಿದ. ಬೆಳೆಯುವ ಮೊದಲೇ ಅವು ಅವಸರದಿಂದ ಪುಟಾಣಿ ಕಪ್ಪೆಗಳಾಗಿಬಿಟ್ಟವು. ಇದನ್ನು ಊಟದ ಹೊತ್ತಿನಲ್ಲಿ ಹೇಳಿದ್ದು ನನ್ನ ತಪ್ಪು. ಮಗಳ ಕಣ್ಣು ಅಜ್ಜಿಯ ಮಾತ್ರೆ ಡಬ್ಬಿಯ ಮೇಲೆ ಬಿತ್ತು. ಡಬ್ಬಿ ಅಂದಿನಿಂದ ಬೀರುವಿನೊಳಗಿದೆ.

ಜುಲೈ ಕೊನೆಗೆ ಎರಡನೆಯ ಔಷಧಿಯ ದಿನ ಬಂತು. ಅಪ್ಪಯ್ಯ ಎಲ್ಲಿಂದಲೋ ಎರಡು ನೀಲಿ ಡ್ರಮ್ ತಂದು ಅಂಗಳದಲ್ಲಿ ಇಟ್ಟಿದ್ದರು. ಮೈಲುತುತ್ತ ಅದರಲ್ಲಿ ಕದಡಿತು. ತೊಟ್ಟಿ ಯಾಕೆ ಬೇಡವೆಂದರೆ "ಸೋರುತ್ತದೆ" ಎಂದರು. ತೊಟ್ಟಿ ಆ ದಿನ ಅಂಚಿನ ತನಕ ತುಂಬಿ ನಿಂತಿತ್ತು.

ಆಗಸ್ಟ್ ಮೂರನೆಯ ತಾರೀಕು ಮೊದಲ ಮರಿಗೆ ಕೈ ಬಂತು. ಬಂತು ಎಂದರೆ ಮೂಡಿತು ಎಂದಲ್ಲ. ಕೈಗಳು ಚರ್ಮದೊಳಗೇ ಪೂರ್ತಿ ಬೆಳೆದು, ಮಡಚಿ ಕುಳಿತಿರುತ್ತವೆ. ಎರಡು ದಿನದಿಂದ ಎದೆಯ ಇಕ್ಕೆಲದಲ್ಲಿ ಮೊಣಕೈ ಗುದ್ದುತ್ತಿದ್ದುದು ಕಾಣುತ್ತಿತ್ತು, ಅಂಗಿಯೊಳಗೆ ಕೈ ಎಳೆದುಕೊಂಡ ಮಕ್ಕಳು ಗುದ್ದುವ ಹಾಗೆ. ಸಂಜೆ ಎಡಗೈ ಹೊರಬಿತ್ತು, ಬಲಗೈ ಬರುವಾಗ ಬೆಳಗಾಗಿತ್ತು. ರಾತ್ರಿಯಿಡೀ ಒಂದೇ ಕೈಯಲ್ಲಿ ಆ ಜೀವ ಒಂದು ಕಡೆಗೆ ವಾಲಿಕೊಂಡು ಈಜಿತು.

ಇಲ್ಲಿಂದ ಮುಂದಿನ ನಾಲ್ಕೈದು ದಿನ ಸಾಕುವವನ ನಿಜವಾದ ಪರೀಕ್ಷೆ. ಹಿಂದಿನ ಐವತ್ತು ದಿನ ಅದರ ಮುಂದೆ ಏನೂ ಅಲ್ಲ. ಕೊಕ್ಕು, ಹಲ್ಲಿನ ಸಾಲು ಉದುರುತ್ತವೆ. ಬಾಯಿ ಹಿಗ್ಗಿ ಕಣ್ಣಿನ ಕೆಳಗಿನ ತನಕ ಸೀಳುತ್ತದೆ. ಚಕ್ಕುಲಿಯ ಸುತ್ತು ಬಿಚ್ಚಿ ಕರುಳು ಗಿಡ್ಡವಾಗುತ್ತದೆ, ಏಕೆಂದರೆ ಇನ್ನು ಮುಂದೆ ಊಟ ಹುಳುಹುಪ್ಪಟೆ. ಕಿವಿರು ಅಳಿದು ಶ್ವಾಸಕೋಶವೇ ಗತಿಯಾಗುತ್ತದೆ. ಅಡುಗೆಮನೆ ಕೆಡವಿ ಕಟ್ಟುವಾಗ ಮನೆಯಲ್ಲಿ ಊಟವಿಲ್ಲದಂತೆ, ಈ ದಿನಗಳಲ್ಲಿ ಅವು ಏನನ್ನೂ ತಿನ್ನುವುದಿಲ್ಲ. ಬಾಲವನ್ನೇ ಒಳಗೆ ಕರಗಿಸಿಕೊಂಡು ಬದುಕುತ್ತವೆ. ಈಜಲು ಬಾಲ ಸಾಲದು, ಕುಳಿತುಕೊಳ್ಳಲು ನೆಲ ಬೇಕು. ನನ್ನ ತೊಟ್ಟಿಯಲ್ಲಿ ನೆಲವೇ ಇರಲಿಲ್ಲ.

ಮೊದಲ ಆರು ಮರಿಗಳು ನೀರಿನಲ್ಲೇ ಬೆಳೆದು ನೀರಿನಲ್ಲೇ ಮುಳುಗಿ ಸತ್ತವು. ಅಕ್ಕನ ಮಗನಿಗೆ ಫೋನ್ ಮಾಡಿದೆ. "ಅಯ್ಯೋ ಮಾವ, ದಡ ಇಟ್ಟಿಲ್ಲವಾ? ನಮ್ಮ ನ್ಯೂಟಿಗೂ ಕಿವಿರು ಚಿಕ್ಕದಾಗತೊಡಗಿದ ದಿನವೇ ದಡ ಕೊಡಬೇಕು" ಎಂದ. ಊಟದ ವಿಷಯದಲ್ಲಿ ಅವನನ್ನು ಹಾಸ್ಯ ಮಾಡಿದವನು ನಾನು. ಅಂದೇ ನೀರನ್ನು ಮೂರು ಇಂಚಿಗೆ ಇಳಿಸಿ, ಜಂಬಿಟ್ಟಿಗೆಯ ತುಂಡೊಂದನ್ನು ಓರೆಯಾಗಿ ಇಟ್ಟು, ಬಾವಿಕಟ್ಟೆಯ ಹಾವಸೆಯನ್ನು ಅದರ ಮೇಲೆ ಹೊದಿಸಿದೆ. ಜಂಬಿಟ್ಟಿಗೆಯ ತೂತು ತೂತು ಮೈ ಪುಟ್ಟ ಬೆರಳುಗಳಿಗೆ ಒಳ್ಳೆಯ ಹಿಡಿತ. ಗಾಜನ್ನಾದರೂ ಹತ್ತುವ ಜಾತಿಯಾದ್ದರಿಂದ ಮೇಲೆ ಸೊಳ್ಳೆ ಪರದೆ ಬಿಗಿದೆ. ಪರದೆಯ ಒಂದು ಮೂಲೆ ಸಡಿಲವಿತ್ತು. ಮೂರು ದಿನದ ಮೇಲೆ ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಒಣಗಿದ ಕಡಲೆಯಂಥದ್ದೊಂದು ಸಿಕ್ಕಿತು. ಅದಕ್ಕೆ ಇನ್ನೂ ಚೂರು ಬಾಲವಿತ್ತು.

ಉಳಿದವು ಒಂದೊಂದಾಗಿ ಕಲ್ಲು ಹತ್ತಿದವು. ಬಾಳೆಹಣ್ಣಿನ ಸಿಪ್ಪೆ ಹಾಕಿದ ಬಾಟಲಿಯಲ್ಲಿ ಹಣ್ಣುನೊಣ ಎಬ್ಬಿಸಿ ಪರದೆಯೊಳಗೆ ಬಿಡುತ್ತಿದ್ದೆ. ಬಾಲ ಪೂರ್ತಿ ಹೋದ ಮೇಲೆ ಎರಡು ದಿನ ನೊಣ ಮೂಗಿನ ಮೇಲೆ ಕುಳಿತರೂ ಕಣ್ಣು ಪಿಳಿಕಿಸುತ್ತಿದ್ದವು. ಮೂರನೆಯ ದಿನ ಒಂದು ಮರಿ ಮುಂದಕ್ಕೆ ಬಾಗಿತು, ಗುರಿ ತಪ್ಪಿ ಹಾವಸೆಯನ್ನು ಕಚ್ಚಿತು, ಕೈಯಿಂದ ಬಾಯಿ ಒರೆಸಿಕೊಂಡಿತು. ಮತ್ತೆ ಹಾರಿ ನೊಣ ಹಿಡಿಯಿತು.

ಬಣ್ಣ ಮಾತ್ರ ಹಸಿರಾಗಲಿಲ್ಲ. ಒಣ ಅಡಿಕೆ ಹಾಳೆಯ ಬಣ್ಣ. ಜಾಲಪಾದದಲ್ಲಿ ಕೆಂಪಿಲ್ಲ. ಬೆಳೆಯುತ್ತ ಬರಬಹುದು ಎಂದು ಕಾದೆ. ಕೊನೆಗೆ ಕಪ್ಪೆಗಳ ವಿಷಯ ಬಲ್ಲ ಪರಿಚಿತರೊಬ್ಬರಿಗೆ ಫೋಟೊ ಕಳಿಸಿದೆ. ಗೊದಮೊಟ್ಟೆಯ ಹಳೆಯ ಫೋಟೊ ಇದೆಯೇ ಎಂದು ಕೇಳಿದರು. ಕಳಿಸಿದೆ. "ಮೂತಿಯ ಬಿಳಿ ಚುಕ್ಕೆ ಅಂದೇ ತೋರಿಸಿದ್ದರೆ ಅಂದೇ ಹೇಳುತ್ತಿದ್ದೆ. ಇದು ಪಾಲಿಪೆಡೇಟ್ಸ್ ಮ್ಯಾಕ್ಯುಲೇಟಸ್. ನಿಮ್ಮ ಬಚ್ಚಲುಮನೆಯ ಗೋಡೆಯಲ್ಲಿ ಕೂರುತ್ತದಲ್ಲ, ಅದೇ" ಎಂದರು.

ಅದೇ. ಹಂಡೆಯ ಹಿಂದೆ, ಕಿಟಕಿಯ ಸರಳಿನ ಮೇಲೆ ಅಂಟಿ ಕೂರುವ, ಅಮ್ಮ ಹಿಡಿಕಡ್ಡಿಯಿಂದ ಹೊರಗೆ ದಬ್ಬುವ ಕಪ್ಪೆ. ಬ್ರಿಟಿಷರ ಕಾಲದಿಂದ ಇದಕ್ಕೆ ಚುನಾಮ್ ಕಪ್ಪೆ ಎಂಬ ಹೆಸರೂ ಇದೆ. ಚುನಾಮ್ ಎಂದರೆ ಸುಣ್ಣ, ಸುಣ್ಣದ ಗೋಡೆಯಲ್ಲಿ ಕಾಣಿಸಿಕೊಳ್ಳುವುದರಿಂದ. ಸುಣ್ಣದ ತೊಟ್ಟಿಯಿಂದ ನಾನು ಸುಣ್ಣದ ಕಪ್ಪೆಯನ್ನೇ ಕಾಪಾಡಿದ್ದೆ. ಅಪ್ಪಯ್ಯ ಎರಡು ದಿನ ನಕ್ಕರು.

ಕಲ್ಲುಮರಿಗೆಯ ಸಮಾಚಾರ ಹೇಳಲಿಲ್ಲ. ಹೇಳಲು ಮನಸ್ಸಿಲ್ಲದೆಯೇ ಇಷ್ಟು ಹೊತ್ತು ಮುಂದೂಡಿದೆ. ಗಾಜಿನ ತೊಟ್ಟಿಯ ಮೊದಲ ಮರಿಗೆ ಕೈ ಬರುವ ಹತ್ತು ದಿನ ಮೊದಲೇ ಮರಿಗೆಯ ಅಂಚಿನ ಜರೀಗಿಡದ ಮೇಲೆ ಬಾಲವಿಲ್ಲದ ಕಪ್ಪೆಗಳು ಕುಳಿತಿದ್ದವು, ನನ್ನವಕ್ಕಿಂತ ದಪ್ಪವಾಗಿ. ಅಲ್ಲಿ ಬೇಯಿಸಿದ ಹರಿವೆ ಇರಲಿಲ್ಲ, ಕೊಳವೆ ಇರಲಿಲ್ಲ, ಗಾಸ್ನರನ ಪಟ್ಟಿಯೂ ಇರಲಿಲ್ಲ. ಪಾಚಿ, ಕೊಳೆತ ಎಲೆ, ಹಗಲು ಚೂರು ಬಿಸಿಲು, ಒರಟು ಕಲ್ಲಿನ ಇಳಿಜಾರು ಇದ್ದವು. ಎಷ್ಟು ಉಳಿದವು ಎಂದು ಗೊತ್ತಿಲ್ಲ. ಒಂದು ದಿನ ನೀರುಹಾವೊಂದು ಹೊಟ್ಟೆ ಉಬ್ಬಿಸಿಕೊಂಡು ಅಲ್ಲಿಂದ ಇಳಿದು ಹೋದುದನ್ನು ಮಗಳು ನೋಡಿದ್ದಾಳೆ. ಮುಂದಿನ ಸಲ ಗೂಡು ಸಿಕ್ಕಿದರೆ ಎಲ್ಲವನ್ನೂ ಮರಿಗೆಗೇ ಹಾಕುತ್ತೇನೆ, ಮೇಲೊಂದು ಬಲೆ ಬಿಗಿಯುತ್ತೇನೆ.

ಆಗಸ್ಟ್ ಇಪ್ಪತ್ತನಾಲ್ಕರ ಸಂಜೆ, ಜಿಟಿಜಿಟಿ ಮಳೆಯಲ್ಲಿ, ಗಾಜಿನ ತೊಟ್ಟಿಯ ಮೂವತ್ತೆರಡನ್ನು ಹಳೆಯ ದಾಸವಾಳದ ಬುಡಕ್ಕೆ ಒಯ್ದೆವು. ಬೇರೆ ಕೆರೆಗೆ, ಬೇರೆ ಕಾಡಿಗೆ ಒಯ್ಯುವ ಮಾತೇ ಇರಲಿಲ್ಲ. ಎಲ್ಲಿಂದ ತಂದೆವೋ ಅಲ್ಲಿಗೇ. ಮಗಳು ಡಬ್ಬಿಯ ಮುಚ್ಚಳ ತೆಗೆದಳು. ಒಂದು ಮರಿ ಅವಳ ಹೆಬ್ಬೆರಳ ಉಗುರಿನ ಮೇಲೆ ಕುಳಿತಿತು. ಉಗುರಿನಲ್ಲಿ ಇನ್ನೂ ಜಾಗವಿತ್ತು. ಆಮೇಲೆ ಕೆಸುವಿನ ಎಲೆಗೆ ಹಾರಿತು, ಎಲೆ ಅಲ್ಲಾಡಲೂ ಇಲ್ಲ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಚ್ಚಲುಮನೆಯಿಂದ ಅಮ್ಮನ ಕೂಗು. ಹೋದರೆ ಅವಳು ಹಿಡಿಕಡ್ಡಿ ಎತ್ತಿಕೊಂಡು ನಿಂತಿದ್ದಾಳೆ, ಹಂಡೆಯ ಮೇಲಿನ ಗೋಡೆಯಲ್ಲಿ ಅಂಗೈ ಉದ್ದದ ಕಪ್ಪೆ ಕಣ್ಣು ಅರೆಮುಚ್ಚಿ ಅಂಟಿಕೊಂಡಿದೆ.

"ಇದು ನಿನ್ನದೇನೋ ನೋಡು. ಅಲ್ಲದಿದ್ದರೆ ಹೊರಗೆ ಹಾಕುತ್ತೇನೆ" ಎಂದಳು.

ಮೂರು ತಿಂಗಳಲ್ಲಿ ಕಪ್ಪೆ ಅಷ್ಟು ಬೆಳೆಯುವುದಿಲ್ಲ. ನಮ್ಮದೇ ಎಂದೆ.